ಅಪ್ಪನ ಕಣ್ಣಿನ ಇಂಜೆಕ್ಷನ್ ಜೀನ್ ಬದಲಿಸುತ್ತದೆಯೇ? ಕಾಲಿನ ಗಾಯ ಒಣಗದಿರುವುದಕ್ಕೂ ಅದೇ ಕಾರಣವೇ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಸ್ವಲ್ಪ ಒಳಗೆ. ಅಪ್ಪನಿಗೆ 63 ವರ್ಷ, ಈಗಲೂ ಅಡಿಕೆ ತೋಟ ಅವರೇ ನೋಡಿಕೊಳ್ಳುತ್ತಾರೆ. ಶುಗರ್ ಬಂದು 17 ವರ್ಷ ಆಯಿತು. ಹೋದ ವರ್ಷ ಬಲಗಣ್ಣಿನ ಎದುರು ಜೇಡರ ಬಲೆಯ ಹಾಗೆ ಕಪ್ಪು ಕಪ್ಪು ಕಾಣತೊಡಗಿತು. ಕಣ್ಣಿನೊಳಗೆ ಹೊಸ ರಕ್ತನಾಳ ಬೆಳೆದು ರಕ್ತ ಸೋರಿದೆ ಎಂದು ತಿಂಗಳಿಗೊಮ್ಮೆ ಕಣ್ಣಿಗೇ ಇಂಜೆಕ್ಷನ್ ಕೊಡುತ್ತಿದ್ದಾರೆ. 4 ಆಗಿದೆ. ಸಹಿ ಹಾಕಿಸಿಕೊಂಡ ಕಾಗದ ಇಂಗ್ಲಿಷ್ ಮತ್ತು ಮಲಯಾಳದಲ್ಲಿತ್ತು. ಅಪ್ಪನಿಗೆ ಎರಡೂ ಓದಲು ಬರುವುದಿಲ್ಲ. ಈಗ ಯಾರೋ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದ್ದಾರೆ. ಇದು ಕ್ಯಾನ್ಸರ್ ಮದ್ದು, ಜೀನ್ ಬದಲಾಯಿಸುತ್ತದೆ, ಮಕ್ಕಳು ಮೊಮ್ಮಕ್ಕಳಿಗೂ ದಾಟುತ್ತದೆ ಎಂದು ಅದರಲ್ಲಿದೆ. ಎರಡನೇ ಇಂಜೆಕ್ಷನ್ ಆದ ಮೇಲೆ ಅಪ್ಪನ ಎಡಗಾಲಿನ ಹೆಬ್ಬೆರಳ ಅಡಿಯಲ್ಲಿ ಗಾಯ ಆಯಿತು. ಎರಡು ತಿಂಗಳಾದರೂ ಒಣಗಿಲ್ಲ. ರಕ್ತನಾಳ ಬೆಳೆಯದ ಹಾಗೆ ಮದ್ದು ಕೊಟ್ಟದ್ದೇ ಇದಕ್ಕೆ ಕಾರಣವಾ? ಕಣ್ಣಿನಲ್ಲಿ ಬೇಡದಿದ್ದರೂ ಬೆಳೆಯುತ್ತದೆ, ಕಾಲಿಗೆ ಬೇಕಾದರೂ ಬೆಳೆಯುವುದಿಲ್ಲ, ಯಾಕೆ? ಮುಂದಿನ ಇಂಜೆಕ್ಷನ್‌ಗೆ ಬರುವುದೇ ಇಲ್ಲ ಎಂದು ಅಪ್ಪ ಹಟ ಹಿಡಿದಿದ್ದಾರೆ.

ಉತ್ತರ: ಮೊದಲು ಇಷ್ಟನ್ನು ಅಪ್ಪನಿಗೆ ಓದಿ ಹೇಳಿ. ಆ ಇಂಜೆಕ್ಷನ್ ಅವರ ಜೀನಿನ ಒಂದು ಅಕ್ಷರವನ್ನೂ ಬದಲಿಸುವುದಿಲ್ಲ. ಮಕ್ಕಳಿಗೆ, ಮೊಮ್ಮಕ್ಕಳಿಗೆ ದಾಟುವ ಮಾತೇ ಇಲ್ಲ. ಈಗ ಅರ್ಧದಲ್ಲಿ ಬಿಟ್ಟರೆ ಆ ಕಣ್ಣು ಕೈತಪ್ಪಿ ಹೋಗಬಹುದು. ಇನ್ನು ಕಾಲಿನ ಗಾಯ. ಎರಡು ತಿಂಗಳು ತುಂಬಾ ಜಾಸ್ತಿ ಆಯಿತು. ಈ ಉತ್ತರ ಪೂರ್ತಿ ಓದುವುದಕ್ಕೆ ಮೊದಲೇ, ಕಾಲು ತೋರಿಸಲು ಈ ವಾರದಲ್ಲೇ ಒಂದು ದಿನ ಗೊತ್ತು ಮಾಡಿಕೊಳ್ಳಿ.

ಕಣ್ಣಿನಲ್ಲಿ ಬೆಳೆಯುವುದು ಕಾಲಿನಲ್ಲಿ ಯಾಕೆ ಬೆಳೆಯುವುದಿಲ್ಲ ಎಂದು ಕೇಳಿದಿರಿ. ರೆಟಿನಾ, ಅಂದರೆ ಕಣ್ಣಿನ ಒಳಪರದೆಯ ಡಾಕ್ಟರಾಗಿ ಇಷ್ಟು ವರ್ಷದಲ್ಲಿ ನನಗೆ ಬಂದ ಒಳ್ಳೆಯ ಪ್ರಶ್ನೆಗಳಲ್ಲಿ ಇದೂ ಒಂದು. ಇದಕ್ಕೆ ಸರಿಯಾಗಿ ಉತ್ತರ ಹೇಳಬೇಕಾದರೆ ರಕ್ತನಾಳ ಹೇಗೆ ಹುಟ್ಟುತ್ತದೆ ಎಂದು ಸ್ವಲ್ಪ ನೋಡಬೇಕು.

ಜೀನ್ ಬದಲಾಗುವುದು ಬೇರೆ, ಜೀನ್ ಕೆಲಸಕ್ಕೆ ಇಳಿಯುವುದು ಬೇರೆ. ಮನೆಯಲ್ಲಿ ತೂಗುಹಾಕಿದ ಪಂಚಾಂಗದಲ್ಲಿ ಇಡೀ ವರ್ಷದ ಪುಟಗಳಿರುತ್ತವೆ. ಇವತ್ತಿಗೆ ಬೇಕಾದ ಪುಟವನ್ನು ಮಾತ್ರ ನಾವು ತೆರೆಯುತ್ತೇವೆ. ಪುಟ ತೆರೆದ ಮಾತ್ರಕ್ಕೆ ಅಚ್ಚಾದ ಅಕ್ಷರ ಬದಲಾಗುವುದಿಲ್ಲ, ಅಲ್ವಾ? ಜೀವಕೋಶದಲ್ಲೂ ಹಾಗೆಯೇ. ಪ್ರೋಟೀನ್ ತಯಾರಿಸುವ ಸುಮಾರು 20,000 ಜೀನ್‌ಗಳು ಕಣ್ಣಿನ ಕೋಶದಲ್ಲೂ ಇವೆ, ಕಾಲಿನ ಕೋಶದಲ್ಲೂ ಇವೆ. ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಎಂಬುದರಲ್ಲಿ ವ್ಯತ್ಯಾಸ. ತೆರೆಯಬೇಕಾ, ಮುಚ್ಚಬೇಕಾ ಎಂದು ಹೇಳುವುದಕ್ಕೆ ಹೊರಗಿನಿಂದ ಸಂದೇಶ ಬರುತ್ತದೆ. ಗ್ರೋತ್ ಫ್ಯಾಕ್ಟರ್ ಎನ್ನುವುದು ಅಂಥ ಒಂದು ಸಂದೇಶ.

ನಮ್ಮ ಕಡೆಯ ಸುರಂಗ ನಿಮಗೆ ಗೊತ್ತೇ ಇದೆ. ಗುಡ್ಡೆಯ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವುದು. ನಮ್ಮ ಅಜ್ಜನ ಮನೆಯಲ್ಲೂ ಒಂದು ಇತ್ತು. ತೋಡುವಾಗ ಮುಂದೆ ಒಬ್ಬರೇ ಪಿಕ್ಕಾಸು ಹಿಡಿದು ಕೂತಿರುತ್ತಾರೆ. ಹಿಂದಿನವರು ಮಣ್ಣು ಹೊರಗೆ ಹಾಕುತ್ತಾ ದಾರಿ ಬಿಡಿಸುತ್ತಾರೆ. ಒಳಗೆ ಮೋಂಬತ್ತಿ ಉರಿಯುತ್ತಿರುತ್ತದೆ. ಅದು ಮಂಕಾದರೆ ಒಳಗೆ ಗಾಳಿ ಸಾಲದು ಎಂದು ಅರ್ಥ. ರಕ್ತನಾಳ ಚಿಗುರುವುದೂ ಹೆಚ್ಚುಕಡಿಮೆ ಹೀಗೆಯೇ. ಮೋಂಬತ್ತಿ ಕೂಡ ಇದೆ.

ಜೀವಕೋಶದಲ್ಲಿ ಆ ಮೋಂಬತ್ತಿ ಮಂಕಾದದ್ದನ್ನು ನೋಡಿ ಕೂಗುವುದು ಹಿಫ್. ಅದೊಂದು ಪ್ರೋಟೀನ್. ಕೋಶ ಅದನ್ನು ಯಾವಾಗಲೂ ತಯಾರಿಸುತ್ತಲೇ ಇರುತ್ತದೆ. ಆಮ್ಲಜನಕ ಸಾಕಷ್ಟು ಇದ್ದರೆ ಅದರ ಮೇಲೆ ಒಂದು ಗುರುತು ಬೀಳುತ್ತದೆ, ಗುರುತು ಬಿದ್ದದ್ದು ಕೆಲವೇ ನಿಮಿಷದಲ್ಲಿ ನಾಶವಾಗುತ್ತದೆ. ಆಮ್ಲಜನಕ ಕಡಿಮೆಯಾದರೆ ಗುರುತು ಬೀಳುವುದಿಲ್ಲ. ಆಗ ಹಿಫ್ ಜಮೆಯಾಗಿ, ಜೀನ್‌ಗಳಿರುವ ಕೋಶಕೇಂದ್ರಕ್ಕೆ ಹೋಗಿ, ನೂರಾರು ಜೀನ್‌ಗಳನ್ನು ಎಬ್ಬಿಸುತ್ತದೆ. ಇದನ್ನು ಬಿಡಿಸಿ ತೋರಿಸಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ಹೀಗೆ ಎದ್ದ ಜೀನ್‌ಗಳಲ್ಲಿ ಒಂದು ತಯಾರಿಸುವುದೇ ವಿಇಜಿಎಫ್. ರಕ್ತನಾಳದ ಒಳಗೋಡೆಯನ್ನು ಬೆಳೆಸುವ ಸಂದೇಶ ಅದು. ಅಪ್ಪನ ಇಂಜೆಕ್ಷನ್ ಹಿಡಿಯುವುದು ಇದನ್ನೇ.

ಉಸಿರುಗಟ್ಟಿದ ಕೋಶದಿಂದ ಹೊರಬಿದ್ದ ವಿಇಜಿಎಫ್ ಹತ್ತಿರದ ರಕ್ತನಾಳಕ್ಕೆ ತಲುಪುತ್ತದೆ. ದೊಡ್ಡವರ ದೇಹದಲ್ಲಿ ರಕ್ತನಾಳದ ಒಳಗೋಡೆಯ ಕೋಶಗಳು ಸಾಮಾನ್ಯವಾಗಿ ಸುಮ್ನೆ ಇರುತ್ತವೆ, ಒಡೆದು ಎರಡಾಗುವುದು ಅಪರೂಪ. ಅವುಗಳ ಮೈಮೇಲೆ ವಿಇಜಿಎಫ್ ಹಿಡಿಯುವ ಗ್ರಾಹಕಗಳಿವೆ. ವಿಇಜಿಎಫ್ ಅಲ್ಲಿಗೆ ಅಂಟಿಕೊಳ್ಳುತ್ತದೆ, ಅಷ್ಟೇ. ಅದು ಜೀನಿನ ಹತ್ತಿರ ಹೋಗುವುದಿಲ್ಲ. ಬಾಗಿಲು ತಟ್ಟಿದವರು ಜಗಲಿಯಲ್ಲೇ ನಿಲ್ಲುತ್ತಾರೆ, ಸುದ್ದಿಯನ್ನು ಮನೆಯವರು ಒಳಗೆ ಒಯ್ಯುತ್ತಾರೆ. ಕೋಶದೊಳಗೆ ಈ ಸುದ್ದಿ ಹಲವು ದಾರಿ ಹಿಡಿಯುತ್ತದೆ. ಒಂದು ದಾರಿ ಇಆರ್‌ಕೆ ಎಂಬ ಪ್ರೋಟೀನಿನದು. ಇನ್ನೊಂದು ಕ್ಯಾಲ್ಸಿಯಂ ಏರಿಳಿತದ್ದು. ಮತ್ತೊಂದು ಎಕೆಟಿ ಎಂಬುದರದ್ದು. ಒಂದು ಗಂಟೆಯೊಳಗೆ ಮೊದಲ ಜೀನ್‌ಗಳು ಎದ್ದಿರುತ್ತವೆ. ಆಮೇಲೆ ಅವು ಬೇರೆಯವನ್ನು ಎಬ್ಬಿಸುತ್ತವೆ. ಸುತ್ತಲಿನ ಪೊರೆ ಕರಗಿಸುವ ಕಿಣ್ವ, ಕೋಶ ಒಡೆದು ಎರಡಾಗಲು ಬೇಕಾದ ಸಾಮಗ್ರಿ, ಹೀಗೆ ಎಲ್ಲ ತಯಾರಾಗುತ್ತದೆ. ತಮಾಷೆ ಎಂದರೆ, ಹೀಗೆ ಏಳುವ ಜೀನ್‌ಗಳಲ್ಲಿ ಸಂದೇಶಕ್ಕೇ ಬ್ರೇಕ್ ಹಾಕುವವೂ ಇವೆ. ಓಡಿಸುವಾಗಲೇ ನಿಲ್ಲಿಸುವ ತಯಾರಿಯೂ ನಡೆದಿರುತ್ತದೆ.

ಈಗ ಪಿಕ್ಕಾಸು ಹಿಡಿಯುವವರ ವಿಷಯ. ಗೋಡೆಯ ಹತ್ತು ಕೋಶಗಳಿಗೂ ಸಂದೇಶ ತಲುಪಿದರೆ ಹತ್ತೂ ಮುಂದೆ ನುಗ್ಗಬೇಕಲ್ಲ? ನುಗ್ಗುವುದಿಲ್ಲ. ಎಲ್ಲಕ್ಕಿಂತ ಗಟ್ಟಿಯಾಗಿ ಸಂದೇಶ ಕೇಳಿಸಿಕೊಂಡ ಕೋಶ ಡಿಎಲ್‌ಎಲ್4 ಎಂಬ ಪ್ರೋಟೀನನ್ನು ತನ್ನ ಮೈಮೇಲೆ ಹೊರಡಿಸುತ್ತದೆ. ಅದು ಪಕ್ಕದ ಕೋಶದ ನಾಚ್ ಎಂಬ ಗ್ರಾಹಕಕ್ಕೆ ತಾಗುತ್ತದೆ. ತಾಗಿದ ಕೂಡಲೇ ನಾಚ್‌ನ ಒಂದು ತುಂಡು ಕತ್ತರಿಸಿಕೊಂಡು ಒಳಗೆ ಹೋಗಿ, ಬೇರೆ ಜೀನ್‌ಗಳನ್ನು ಎಬ್ಬಿಸುತ್ತದೆ. ಅವುಗಳ ಕೆಲಸದಿಂದ ಪಕ್ಕದ ಕೋಶಕ್ಕೆ ವಿಇಜಿಎಫ್ ಸರಿಯಾಗಿ ಕೇಳಿಸದ ಹಾಗಾಗುತ್ತದೆ. 'ನಾನು ತೋಡುತ್ತೇನೆ, ನೀನು ಹಿಂದೆ ಇರು' ಎಂದ ಹಾಗೆ. ಇಲಿಗಳ ಕ್ಯಾನ್ಸರ್ ಗಡ್ಡೆಯಲ್ಲಿ ಈ ಮಾತುಕತೆಯನ್ನು ಮದ್ದಿನಿಂದ ತಡೆದು ನೋಡಿದ್ದಾರೆ. ರಕ್ತನಾಳ ಬೇಕಾಬಿಟ್ಟಿ ಜಾಸ್ತಿಯಾಯಿತು. ಆದರೆ ಅವುಗಳಲ್ಲಿ ರಕ್ತ ಸರಿಯಾಗಿ ಹರಿಯಲಿಲ್ಲ. ಹತ್ತು ಕಡೆ ತೋಡಿದ ಗುಡ್ಡೆಯಲ್ಲಿ ಒಂದು ಹನಿ ನೀರೂ ಮನೆಗೆ ಬಾರದ ಹಾಗೆ.

ಕೊನೆಗೆ ಎರಡು ಚಿಗುರು ಕೂಡಿಕೊಂಡು ರಕ್ತ ಹರಿಯುತ್ತದೆ. ಆಮ್ಲಜನಕ ಬರುತ್ತದೆ, ಹಿಫ್ ಇಳಿಯುತ್ತದೆ, ವಿಇಜಿಎಫ್ ಇಳಿಯುತ್ತದೆ. ಹೊಸ ನಾಳ ತನ್ನದೇ ಇನ್ನೊಂದು ಸಂದೇಶ ಕಳಿಸಿ, ಹೊರಗಿನಿಂದ ತಬ್ಬಿ ಹಿಡಿಯುವ ಪೆರಿಸೈಟ್ ಎಂಬ ಕೋಶಗಳನ್ನು ಕರೆಸಿಕೊಳ್ಳುತ್ತದೆ. ಸುರಂಗದ ಬಾಯಿಗೆ ಕಲ್ಲು ಕಟ್ಟಿದ ಹಾಗೆ. ಫಾಕ್ಸೋ1 ಎಂಬ ಪ್ರೋಟೀನ್, ಇಷ್ಟು ಹೊತ್ತು ಎಕೆಟಿಯಿಂದಾಗಿ ಕೋಶಕೇಂದ್ರದ ಹೊರಗೆ ಇದ್ದದ್ದು, ಈಗ ಒಳಗೆ ಬಂದು ಬೆಳವಣಿಗೆಯ ಜೀನ್‌ಗಳನ್ನು ತಣ್ಣಗೆ ಮಾಡುತ್ತದೆ. ಕೆಲಸ ಮುಗಿಯಿತು.

ಇದರಲ್ಲಿ ಪ್ರಮಾಣ ಎಷ್ಟು ನಾಜೂಕು ಎಂದರೆ, 1996ರಲ್ಲಿ ಇಲಿಗಳಲ್ಲಿ ವಿಇಜಿಎಫ್ ಜೀನಿನ ಎರಡು ಪ್ರತಿಗಳಲ್ಲಿ ಒಂದನ್ನು ಮಾತ್ರ ತೆಗೆದು ನೋಡಿದರು. ಭ್ರೂಣಗಳು ಗರ್ಭದಲ್ಲೇ ಸತ್ತವು. ಒಂದು ಪ್ರತಿ ಉಳಿದಿದ್ದರೂ ಸಾಕಾಗಲಿಲ್ಲ.

ಈಗ ಅಪ್ಪನ ಕಣ್ಣಿಗೆ ಬರೋಣ. ರೆಟಿನಾ ತುಂಬಾ ಆಮ್ಲಜನಕ ಉಣ್ಣುವ ಜಾಗ. ವರ್ಷಾನುಗಟ್ಟಲೆ ಸಕ್ಕರೆ ಜಾಸ್ತಿ ಇದ್ದಾಗ ಅಲ್ಲಿನ ಪೆರಿಸೈಟ್‌ಗಳು ಸಾಯುತ್ತವೆ, ಸಣ್ಣ ನಾಳಗಳು ಒಂದೊಂದಾಗಿ ಮುಚ್ಚುತ್ತವೆ. ಮೋಂಬತ್ತಿ ಮಂಕಾಗುತ್ತದೆ, ವಿಇಜಿಎಫ್ ಸುರಿಯುತ್ತದೆ. ಉಸಿರುಗಟ್ಟಿದ ರೆಟಿನಾದಿಂದ ಇಂಥದೊಂದು ವಸ್ತು ಹೊರಡುತ್ತಿರಬೇಕು ಎಂದು ಮೈಕೆಲ್ಸನ್ ಎಂಬ ನೇತ್ರತಜ್ಞ 1948ರಲ್ಲೇ ಊಹಿಸಿದ್ದರು. ಆ ವಸ್ತು ಕೈಗೆ ಸಿಕ್ಕಿ ವಿಇಜಿಎಫ್ ಎಂದು ಹೆಸರಾದದ್ದು 1989ರಲ್ಲಿ, ನೆಪೋಲಿಯೋನ್ ಫೆರಾರಾ ಮತ್ತು ಸಂಗಡಿಗರಿಂದ. ಆದರೆ ಹೀಗೆ ಗಾಬರಿಯಲ್ಲಿ ಬೆಳೆದ ನಾಳಗಳು ಆಮ್ಲಜನಕ ಬೇಕಾದ ಜಾಗಕ್ಕೆ ಹೋಗುವುದಿಲ್ಲ. ರೆಟಿನಾದ ಮೇಲ್ಮೈ ದಾಟಿ, ಕಣ್ಣಿನ ಮಧ್ಯದ ಲೋಳೆಯ ಕಡೆ ಹಬ್ಬುತ್ತವೆ. ಹೊರಗಿನ ಆಸರೆ ಇಲ್ಲ, ಗೋಡೆ ತೆಳು. ಸ್ವಲ್ಪ ಎಳೆದರೂ ಒಡೆಯುತ್ತವೆ. ಅಪ್ಪನಿಗೆ ಕಂಡ ಜೇಡರ ಬಲೆ ಹಾಗೆ ಒಡೆದು ಬಂದ ರಕ್ತ. ಬಾಯಾರಿಕೆ ತೀರದ ಕಾರಣ ಕರೆಯೂ ನಿಲ್ಲುವುದಿಲ್ಲ. ನಾಳ ಬೆಳೆಯುತ್ತಲೇ ಇರುತ್ತದೆ.

ಕಾಲಿನಲ್ಲಿ ಅದೇ ಸಕ್ಕರೆ ಉಲ್ಟಾ ಕೆಲಸ ಮಾಡುತ್ತದೆ. ಸಕ್ಕರೆ ಏರಿದಾಗ ಚರ್ಮದ ಕೋಶಗಳಲ್ಲಿ ಹಿಫ್ ತನ್ನ ಜೊತೆಗಾರ ಪ್ರೋಟೀನಿನೊಂದಿಗೆ ಸರಿಯಾಗಿ ಕೂಡಿಕೊಳ್ಳಲಾರದು. ಇದನ್ನು ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಅಂದರೆ ಮೋಂಬತ್ತಿ ಮಂಕಾದರೂ ಅದನ್ನು ನೋಡಿ ಕೂಗುವವರಿಲ್ಲ. ಗಾಯಕ್ಕೆ ಬೇಕಾದಷ್ಟು ವಿಇಜಿಎಫ್ ಹುಟ್ಟುವುದಿಲ್ಲ. ಜೊತೆಗೆ ಗಾಯ ಶುಚಿ ಮಾಡಿ ಮುಂದೆ ಸಾಗಬೇಕಾದ ಬಿಳಿ ರಕ್ತಕಣಗಳು ಉರಿಯೂತದ ಹಂತದಲ್ಲೇ ಸಿಕ್ಕಿಬೀಳುತ್ತವೆ. ಇದಕ್ಕಿಂತ ದೊಡ್ಡದು ಇನ್ನೆರಡು. ಮಂಡಿಯ ಕೆಳಗಿನ ದೊಡ್ಡ ಧಮನಿಗಳೇ ಕಟ್ಟಿಕೊಂಡಿರಬಹುದು. ಮೇಲಿನ ಕಟ್ಟದಲ್ಲೇ ನೀರಿಲ್ಲದಿದ್ದರೆ ತೋಟದೊಳಗೆ ಎಷ್ಟು ಹೊಸ ಕಣಿ ತೆಗೆದರೇನು? ಇನ್ನೊಂದು ನರ. ಕಾಲು ಜೋಮು ಹಿಡಿದಿರುವುದರಿಂದ ನೋವೇ ಗೊತ್ತಾಗದೆ ಅದೇ ಗಾಯದ ಮೇಲೆ ದಿನವಿಡೀ ನಡೆಯುತ್ತಿರುತ್ತಾರೆ. ಹೆಬ್ಬೆರಳ ಅಡಿಯ ಗಾಯ ಎಂದು ನೀವು ಬರೆದದ್ದು ಓದಿದಾಗ ನನಗೆ ಮೊದಲು ಬಂದ ಸಂಶಯ ಇದೇ.

ಹೀಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಗ್ರೋತ್ ಫ್ಯಾಕ್ಟರ್ ಬರೀ ಕರೆ. ಅದು ಎಷ್ಟು ಜೋರಾಗಿದೆ, ಎಷ್ಟು ಹೊತ್ತು ಇದೆ, ಕೇಳುವ ಕೋಶ ಯಾವ ಸ್ಥಿತಿಯಲ್ಲಿದೆ ಎಂಬುದರ ಮೇಲೆ ಯಾವ ಜೀನ್ ಏಳುತ್ತದೆ ಎಂಬುದು ನಿಂತಿದೆ. ಕಣ್ಣಿನಲ್ಲಿ ಕರೆ ವಿಪರೀತ. ಕಾಲಿನಲ್ಲಿ ಕರೆಯೂ ಕ್ಷೀಣ, ಬರಬೇಕಾದ ರಕ್ತವೂ ಕಮ್ಮಿ.

ವಿಡಿಯೋದ ಮಾತಿಗೆ ಬರುತ್ತೇನೆ. ಕ್ಯಾನ್ಸರ್ ಮದ್ದು ಎಂಬುದರಲ್ಲಿ ಅರ್ಧ ನಿಜ ಇದೆ. ಗಡ್ಡೆಗಳೂ ರಕ್ತನಾಳ ಕರೆಸಿಕೊಂಡೇ ಬೆಳೆಯುತ್ತವೆ, ಅದನ್ನು ತಡೆಯಬಹುದು ಎಂದು ಜೂಡಾ ಫೋಕ್‌ಮನ್ 1971ರಲ್ಲಿ ಹೇಳಿದ್ದರು. ಬೆವಾಸಿಝುಮ್ಯಾಬ್ ಎಂಬ ಮದ್ದಿಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ದೊಡ್ಡ ಕರುಳಿನ ಕ್ಯಾನ್ಸರಿಗೆ. ಅದನ್ನೇ ಕಣ್ಣಿಗೆ ಕೊಡುವಾಗ ಪ್ರಮಾಣ 1.25 ಮಿಲಿಗ್ರಾಂ. ಕ್ಯಾನ್ಸರಿಗೆ ಕೆಜಿಗೆ 5 ಮಿಲಿಗ್ರಾಂ ಎಂದು ಹಿಡಿದರೂ 60 ಕೆಜಿಯ ಮನುಷ್ಯನಿಗೆ 300 ಮಿಲಿಗ್ರಾಂ. ಕಣ್ಣಿಗೆ ಹೋಗುವುದು ಅದರ 240ರಲ್ಲಿ ಒಂದು ಪಾಲು. ರಾನಿಬಿಝುಮ್ಯಾಬ್, ಅಫ್ಲಿಬರ್ಸೆಪ್ಟ್ ಎಂಬವೂ ಇವೆ. ಅಪ್ಪನ ಚೀಟಿಯಲ್ಲಿ ಯಾವ ಹೆಸರಿದೆ ಎಂದು ನೋಡಿಡಿ. ಎಲ್ಲವೂ ಮಾಡುವುದು ಒಂದೇ ಕೆಲಸ. ವಿಇಜಿಎಫ್ ಬಾಗಿಲಿಗೆ ತಲುಪುವ ಮೊದಲೇ ದಾರಿಯಲ್ಲಿ ಅದನ್ನು ಹಿಡಿದುಕೊಳ್ಳುವುದು. ಕರೆ ಕೇಳದ ಕಾರಣ ಒಳಗಿನ ಜೀನ್‌ಗಳು ತಾವಾಗಿ ತಣ್ಣಗಾಗುತ್ತವೆ. ಮದ್ದು ಕರಗಿದ ಮೇಲೆ ಕರೆ ಮತ್ತೆ ಕೇಳಿಸುತ್ತದೆ. ಜೀನ್ ನಿಜಕ್ಕೂ ಬದಲಾಗುವ ಹಾಗಿದ್ದರೆ ತಿಂಗಳು ತಿಂಗಳು ಚುಚ್ಚಬೇಕಾದ ಅಗತ್ಯವೇ ಇರುತ್ತಿರಲಿಲ್ಲ.

ಜೀನ್ ಚಿಕಿತ್ಸೆ ಎಂಬುದು ಬೇರೆಯೇ ಇದೆ, ಅಪ್ಪನಿಗೆ ಕೊಟ್ಟದ್ದು ಅದಲ್ಲ. ಕಾಲಿಗೆ ವಿಇಜಿಎಫ್ ಜೀನನ್ನೇ ಕೊಟ್ಟು ನಾಳ ಬೆಳೆಸುವ ಪ್ರಯತ್ನ 1990ರ ದಶಕದಲ್ಲೇ ಬೋಸ್ಟನ್‌ನಲ್ಲಿ ಜೆಫ್ರಿ ಐಸ್ನರ್ ಅವರಿಂದ ಶುರುವಾಯಿತು. ಮೊದಮೊದಲ ರೋಗಿಗಳಲ್ಲಿ ಒಬ್ಬರ ಕಾಲಿನಲ್ಲಿ ಸಣ್ಣ ನಾಳಗಳು ಬೆಳೆದದ್ದು ಹೌದು. ಜೊತೆಗೆ ಕಾಲು ಊದಿಕೊಂಡಿತು, ಚರ್ಮದ ಮೇಲೆ ಜೇಡದಂಥ ನಾಳದ ಗುಂಪುಗಳೂ ಎದ್ದವು. ಆಮೇಲಿನ ದೊಡ್ಡ ಪರೀಕ್ಷೆಗಳಲ್ಲಿ ನಿರೀಕ್ಷಿಸಿದಷ್ಟು ಗುಣ ಕಾಣಲಿಲ್ಲ. ಕರೆ ಒಂದನ್ನೇ ಜೋರು ಮಾಡಿದರೆ ಸಾಲದು ಎಂದು ಆಗ ಅರ್ಥವಾಯಿತು.

ಕಣ್ಣಿನ ಇಂಜೆಕ್ಷನ್ ಕಾಲಿನ ಗಾಯಕ್ಕೆ ಕಾರಣವಾ? ಮದ್ದಿನ ಸ್ವಲ್ಪ ಪಾಲು ರಕ್ತಕ್ಕೆ ಸೇರುವುದು ನಿಜ. ಬೆವಾಸಿಝುಮ್ಯಾಬ್ ಮತ್ತು ಅಫ್ಲಿಬರ್ಸೆಪ್ಟ್ ರಕ್ತದಲ್ಲಿ ದಿನಗಟ್ಟಲೆ ಉಳಿಯುತ್ತವೆ, ರಾನಿಬಿಝುಮ್ಯಾಬ್ ಬೇಗ ಹೊರಹೋಗುತ್ತದೆ. ಆದರೆ ಎರಡು ತಿಂಗಳ ಗಾಯಕ್ಕೆ ಅದನ್ನೇ ಹೊಣೆ ಮಾಡಿ ಕೂತರೆ ಧಮನಿ ಕಟ್ಟಿರುವುದೋ, ಮೂಳೆಗೆ ಸೋಂಕು ಹತ್ತಿರುವುದೋ ತಪ್ಪಿಹೋಗುತ್ತದೆ. ನನ್ನ ಭಯ ಅದು. ಕಣ್ಣಿನ ಡಾಕ್ಟರಿಗೆ ಗಾಯದ ವಿಷಯ, ಕಾಲಿನ ಡಾಕ್ಟರಿಗೆ ಇಂಜೆಕ್ಷನ್ ವಿಷಯ ಎರಡನ್ನೂ ಹೇಳಿ. ಮದ್ದು ಆರಿಸುವಾಗ ಅವರು ಗಮನದಲ್ಲಿ ಇಟ್ಟುಕೊಳ್ಳುತ್ತಾರೆ. ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದರೆ ಅದನ್ನೂ ಮುಚ್ಚಿಡಬೇಡಿ.

ಮುಂದೇನು ಮಾಡಬಹುದು? ಮೊದಲ ದಾರಿ ಇಂಜೆಕ್ಷನ್ ಮುಂದುವರಿಸುವುದು. ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ತಪ್ಪದೆ ಬರಬೇಕು. ಅಪಾಯಗಳಲ್ಲಿ ನಾವು ತುಂಬಾ ಹೆದರುವುದು ಕಣ್ಣಿನೊಳಗಿನ ಸೋಂಕಿಗೆ. ಸಾವಿರಾರು ಇಂಜೆಕ್ಷನ್‌ಗಳಲ್ಲಿ ಒಂದಕ್ಕೆ ಆಗುವಂಥದ್ದು, ಆದರೆ ಹಾಗೆ ಆದಲ್ಲಿ ದೃಷ್ಟಿಯೇ ಹೋಗಬಹುದು. ಇಂಜೆಕ್ಷನ್ ಆದ ಒಂದು ವಾರದೊಳಗೆ ನೋವು, ಕೆಂಪು, ಮಬ್ಬು ಜಾಸ್ತಿಯಾಗುತ್ತಾ ಹೋದರೆ ಆ ದಿನವೇ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ. ಚುಚ್ಚಿದ ಜಾಗದಲ್ಲಿ ಬಿಳಿಗುಡ್ಡೆ ಕೆಂಪಗಾಗುವುದು, ಒಂದೆರಡು ದಿನ ಗುಳ್ಳೆ ತೇಲಿದ ಹಾಗೆ ಕಾಣುವುದು, ಇವಕ್ಕೆ ಹೆದರಬೇಕಾಗಿಲ್ಲ. ಬೆವಾಸಿಝುಮ್ಯಾಬ್ ಆದರೆ ಒಂದು ಬಾಟಲಿಯನ್ನು ಹಲವು ಸಿರಿಂಜಿಗೆ ಹಂಚುವುದುಂಟು. ಅದನ್ನು ಎಲ್ಲಿ, ಹೇಗೆ ಮಾಡುತ್ತಾರೆ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಇನ್ನೊಂದು, ಹೊಸ ನಾಳದ ಜೊತೆ ನಾರಿನಂಥ ಪೊರೆಯೂ ಬೆಳೆದಿದ್ದರೆ, ಮದ್ದು ಕೊಟ್ಟಾಗ ಅದು ಮುದುಡಿ ರೆಟಿನಾವನ್ನು ಎಳೆಯಬಹುದು. ಆದ್ದರಿಂದ ಪ್ರತಿ ಸಲವೂ ಕಣ್ಣು ಪರೀಕ್ಷೆ ಮಾಡಿಯೇ ಕೊಡಬೇಕು.

ಎರಡನೆಯದು ಲೇಸರ್. ಉಸಿರುಗಟ್ಟಿದ ಅಂಚಿನ ರೆಟಿನಾವನ್ನೇ ಸುಟ್ಟರೆ ಕರೆ ಹೊರಡುವ ಜಾಗವೇ ಕಮ್ಮಿಯಾಗುತ್ತದೆ. ಪರಿಣಾಮ ಹೆಚ್ಚಾಗಿ ಶಾಶ್ವತ. ಬದಲಿಗೆ ಬದಿಯ ನೋಟ ಮತ್ತು ರಾತ್ರಿಯ ನೋಟ ಸ್ವಲ್ಪ ತಗ್ಗುತ್ತದೆ. ಮುಸ್ಸಂಜೆಯಲ್ಲಿ ತೋಟಕ್ಕೆ ಹೋಗುವವರಿಗೆ ಅದು ಗೊತ್ತಾಗುತ್ತದೆ. 2015ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನದಲ್ಲಿ, ಎರಡು ವರ್ಷದ ಕೊನೆಗೆ ರಾನಿಬಿಝುಮ್ಯಾಬ್ ಲೇಸರಿಗಿಂತ ಕಡಿಮೆಯೇನಲ್ಲ ಎಂದು ಕಂಡಿತು. ಆದರೆ ಅಲ್ಲಿ ರೋಗಿಗಳು ಹೇಳಿದ ದಿನಕ್ಕೆ ಬರುತ್ತಿದ್ದರು. ಬರೀ ಇಂಜೆಕ್ಷನ್ ಮೇಲೆ ಇದ್ದು ತಿಂಗಳುಗಟ್ಟಲೆ ಬಾರದೇ ಹೋದವರ ಕಣ್ಣು ಲೇಸರ್ ಮಾಡಿಸಿಕೊಂಡವರದ್ದಕ್ಕಿಂತ ಹೆಚ್ಚು ಕೆಡುತ್ತದೆ. 2020ರ ಮಾರ್ಚ್ ಕೊನೆಗೆ ಕೊರೊನಾದಿಂದಾಗಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ಇಂಜೆಕ್ಷನ್ ತಪ್ಪಿಸಿಕೊಂಡವರನ್ನು ಆಮೇಲೆ ನಾನು ನೋಡಿದ್ದೇನೆ. ಕಣ್ಣಿನ ತುಂಬ ರಕ್ತ. ಅಂದಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ದೂರದ ಊರಿನವರಿಗೆ, ಅಡಿಕೆ ಕೊಯ್ಲಿನ ಸಮಯ ಬಿಡುವಿಲ್ಲದವರಿಗೆ ಇಂಜೆಕ್ಷನ್ ಜೊತೆ ಲೇಸರ್ ಕೂಡ ಮಾಡಿಸುವುದು ಒಳ್ಳೆಯದು. ಅಪ್ಪನ ವಿಷಯದಲ್ಲಿ ಈ ಮಾತನ್ನು ಡಾಕ್ಟರ ಹತ್ತಿರ ನೀವಾಗಿಯೇ ಎತ್ತಿ.

ರಕ್ತ ಕರಗದೇ ಉಳಿದರೆ ಅಥವಾ ರೆಟಿನಾ ಎಳೆಯುತ್ತಿದ್ದರೆ ಆಪರೇಷನ್ ಬೇಕಾಗುತ್ತದೆ. ಅದು ಆಮೇಲಿನ ಮಾತು.

ಶುಗರ್ ಇಳಿಸಬೇಕು, ಹೌದು. ಆದರೆ ತುಂಬಾ ಏರಿದ ಶುಗರನ್ನು ಕೆಲವೇ ವಾರದಲ್ಲಿ ಧಡಕ್ಕನೆ ಇಳಿಸಿದರೆ ಕಣ್ಣು ಸ್ವಲ್ಪ ಕಾಲ ಇನ್ನಷ್ಟು ಕೆಡುವುದುಂಟು. ಡಾಕ್ಟರ್ ಹೇಳಿದ ಹಾಗೆ ಹಂತ ಹಂತವಾಗಿ ಇಳಿಸಿ.

ಕಾಲಿಗೆ ಮೊದಲು ರಕ್ತ ಹರಿಯುವುದನ್ನು ಪರೀಕ್ಷಿಸಬೇಕು. ಕಾಲಿನ ಬಿಪಿ ನೋಡುವ ಪರೀಕ್ಷೆ ಇದೆ. ಆದರೆ ಹಳೆಯ ಶುಗರ್ ರೋಗಿಗಳ ಧಮನಿ ಗಟ್ಟಿಯಾಗಿ ಸುಳ್ಳೇ ಚೆನ್ನಾಗಿದೆ ಎಂದು ತೋರಿಸಬಹುದು. ಹಾಗಿದ್ದರೆ ಬೆರಳಿನ ಬಿಪಿ ಅಥವಾ ಡಾಪ್ಲರ್ ಸ್ಕ್ಯಾನ್ ಕೇಳಿ. ಧಮನಿ ಕಟ್ಟಿದ್ದರೆ ಬಲೂನ್ ಹಾಕಿ ತೆರೆಯುವ ಪ್ರಯತ್ನ ಮಾಡುತ್ತಾರೆ. ಸತ್ತ ಚರ್ಮ ತೆಗೆಯಬೇಕು, ಮೂಳೆಯ ಎಕ್ಸ್‌ರೇ ಆಗಬೇಕು, ಗಾಯದ ಮೇಲೆ ಭಾರ ಬೀಳದ ಹಾಗೆ ಮಾಡಬೇಕು. ಗ್ರೋತ್ ಫ್ಯಾಕ್ಟರ್ ಇರುವ ಜೆಲ್ ಕೂಡ ಇದೆ. ಅಂಥ ಒಂದಕ್ಕೆ 1997ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ರಕ್ತ ಹರಿಯುವ, ಶುಚಿಯಾದ ಗಾಯಕ್ಕೆ ಮಾತ್ರ ಅದು ಉಪಯೋಗ. ಗಾಯ ಕಪ್ಪಗಾದರೆ, ವಾಸನೆ ಬಂದರೆ, ಜ್ವರ ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಸಹಿ ಮಾಡುವ ಕಾಗದದ ಬಗ್ಗೆ ಬರೆದಿದ್ದೀರಿ. ಓದಲಾಗದ ಕಾಗದಕ್ಕೆ ಅಪ್ಪ ಸಹಿ ಹಾಕಬೇಕಾಗಿಲ್ಲ. ಕನ್ನಡ ಬಲ್ಲ ಸಿಸ್ಟರ್ ಒಬ್ಬರು ಕೂತು ಓದಿ ಹೇಳಲಿ ಎಂದು ಕೇಳಿ. ಕಾಸರಗೋಡಿನಲ್ಲಿ ಅಂಥವರು ಸಿಗದೇ ಇರುವುದಿಲ್ಲ. ಅಪ್ಪನ ಹಟದ ಹಿಂದೆ, ಏನು ಮಾಡುತ್ತಿದ್ದಾರೆ ಎಂದು ಯಾರೂ ಅವರ ಭಾಷೆಯಲ್ಲಿ ಹೇಳದ ಬೇಸರವೂ ಇದೆ ಎಂದು ನನಗೆ ಅನಿಸುತ್ತದೆ.

ಕಾಲು ತೋರಿಸಲು ಹೋಗುವಾಗ ಅವರು ದಿನಾ ಹಾಕುವ ಚಪ್ಪಲಿಯನ್ನೂ ಚೀಲದಲ್ಲಿ ಇಟ್ಟುಕೊಳ್ಳಿ. ಅದರ ಸವೆತ ನೋಡಿದರೆ ಭಾರ ಎಲ್ಲಿ ಬೀಳುತ್ತಿದೆ ಎಂದು ಡಾಕ್ಟರಿಗೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ಬರಿಗಾಲಲ್ಲಿ ತೋಟಕ್ಕೆ ಇಳಿಯುವುದು ಬೇಡ, ಒಂದು ದಿನವೂ.